ಸೆಲ್ಲು ಮುಗಿದ ಸಿಂಫನಿ

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕೂತು ಯುರೋಪಿನ ಸಿಂಫನಿ ಕೇಳುತ್ತೇವೆ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನುಂಗಿಕೊಳ್ಳುತ್ತಾರೆ. ನನಗೆ ಸಿಟ್ಟು ಬೇಗ. ದೇವದುರ್ಗದ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಣಿತ ಹೇಳಿಕೊಟ್ಟ ಮೇಲೂ ಸಿಟ್ಟು ಬಾರದವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳುತ್ತೇನೆ. ಆದರೆ ಅಮಾವಾಸ್ಯೆಯ ದಿನ ಆ ಗಿರಣಿಯ ಆಫೀಸು ಕೋಣೆಯಲ್ಲಿ ಕೂತಾಗ ಮಾತ್ರ ನನ್ನಷ್ಟು ಶಾಂತ ಹೆಣ್ಣುಮಗಳು ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ.

ಅಮಾವಾಸ್ಯೆಯೇ ಯಾಕೆಂದರೆ ಅವತ್ತು ಗಿರಣಿ ತಿರುಗುವುದಿಲ್ಲ. ನಮ್ಮ ಕಡೆ ಅಮಾವಾಸ್ಯೆಗೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಈ ಗಿರಣಿಯಲ್ಲಿ ಯಂತ್ರಕ್ಕೂ ಅದೇ ಮರ್ಯಾದೆ. ಬೆಳಿಗ್ಗೆ ಅದನ್ನು ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಕಾಯಿ ಒಡೆದುಬಿಟ್ಟರೆ ಮರುದಿನದ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಉಳಿದ ದಿನಗಳಲ್ಲಿ ಅಲ್ಲಿ ಎದುರಿಗೆ ನಿಂತವರ ಮಾತೂ ಕೇಳುವುದಿಲ್ಲ, ಇನ್ನು ವಯೊಲಿನ್ ಎಲ್ಲಿ ಕೇಳಬೇಕು.

ಸಿಂಫನಿ ಅಂದರೆ ಅರವತ್ತು ಎಪ್ಪತ್ತು ಮಂದಿ ಸೇರಿ ನುಡಿಸುವ ದೊಡ್ಡ ಸಂಗೀತ, ಸಾಮಾನ್ಯವಾಗಿ ನಾಲ್ಕು ಭಾಗ. ದೊಡ್ಡ ಹೆಸರಿನವರ ಸಿಂಫನಿಗಳನ್ನು ಲೋಕವೇ ನೋಡಿಕೊಳ್ಳುತ್ತದೆ, ಅವುಗಳ ಚಿಂತೆ ನಮಗಿಲ್ಲ. ನಾವು ಕಾಯುವುದು ಯಾರಿಗೂ ಬೇಡವಾದವುಗಳಿಗೆ. ರೊಮ್ಯಾಂಟಿಕ್ ಯುಗ ಅನ್ನುತ್ತಾರಲ್ಲ, ನೂರು ಇನ್ನೂರು ವರ್ಷಗಳ ಹಿಂದಿನ ಆ ಕಾಲದಲ್ಲಿ ಯುರೋಪಿನ ಊರೂರಲ್ಲೂ ಜನ ಸಿಂಫನಿ ಬರೆದರು. ಒಂದೆರಡು ಸಲ ನುಡಿಸಿದರು, ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋದರು, ಕಾಗದದ ಕಟ್ಟು ಕಪಾಟು ಸೇರಿತು. ಈಗ ಅಲ್ಲಿಯ ಕೆಲವು ಸಣ್ಣ ಕಂಪನಿಗಳು ಆಗೊಂದು ಈಗೊಂದು ಕಟ್ಟು ಹೊರತೆಗೆದು, ಧೂಳು ಕೊಡವಿ, ವಾದ್ಯಗಾರರನ್ನು ಕೂಡಿಸಿ ಧ್ವನಿಮುದ್ರಣ ಮಾಡುತ್ತವೆ. ಅದನ್ನು ಕಾಯುವ ಹುಚ್ಚರು ಜಗತ್ತಿನ ತುಂಬ ಇದ್ದಾರೆ. ಅಂಥವರ ಗುಂಪೊಂದು ಫೋನಿನಲ್ಲಿ ಸಿಕ್ಕಿದ ಮೇಲೆ ನಾನೂ ಸೇರಿಕೊಂಡೆ. ವಾದ್ಯಮೇಳ ನಡೆಸುವ ಕಂಡಕ್ಟರಿಗೆ ಸೊಂಟನೋವು, ಸಭಾಂಗಣದ ಮಾಳಿಗೆ ಸೋರುತ್ತಿದೆ, ಈ ವರ್ಷವೂ ಬರಲಿಕ್ಕಿಲ್ಲ ಅಂತ ಅಲ್ಲಿ ದಿನಾ ಯಾರಾದರೂ ಹಲುಬುತ್ತಿರುತ್ತಾರೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಅಂತ ನಮ್ಮ ರೈತರು ಚಹಾದಂಗಡಿ ಮುಂದೆ ಮಾತಾಡುವುದಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ.

ಈ ಹುಚ್ಚು ನನಗೆ ಹತ್ತಿಸಿದವರು ಗಿರಣಿಯ ದೊಡ್ಡ ಸಾಹುಕಾರರು. ಅರವತ್ತು ದಾಟಿದವರು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಅವರಿಗೊಬ್ಬ ತಮ್ಮ, ಸಣ್ಣ ಸಾಹುಕಾರರು. ಗಿರಣಿಯ ದಿನದ ಕೆಲಸವೆಲ್ಲ ನಡೆಸುವವರು ಅವರೇ. ನನ್ನಪ್ಪ ಈ ಗಿರಣಿಯಲ್ಲೇ ಹಮಾಲಿ ಮಾಡಿದವನು. ಚಿಕ್ಕವಳಿದ್ದಾಗ ಅಮಾವಾಸ್ಯೆಗೆ ಅಲ್ಲಿ ಹೋದರೆ ಆಫೀಸಿನಿಂದ ಈ ಸಂಗೀತ ಕೇಳುತ್ತಿತ್ತು, ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಅಷ್ಟು ಜನ ಒಟ್ಟಿಗೆ ಗದ್ದಲ ಎಬ್ಬಿಸಿದರೂ ಅದು ಜಗಳ ಅಲ್ಲ ಅನ್ನುವುದೇ ನನಗೆ ದೊಡ್ಡ ಆಶ್ಚರ್ಯ. ಕಟ್ಟೆಯ ಮೇಲಿಂದ ಯಾರೂ ಎಬ್ಬಿಸಲಿಲ್ಲ, ಒಳಗೆ ಬಾ ಅಂತಲೂ ಕರೆಯಲಿಲ್ಲ. ಒಳಗೆ ಕುರ್ಚಿ ಸಿಕ್ಕಿದ್ದು ನೌಕರಿ ಸಿಕ್ಕಿದ ಮೇಲೆ. ಇದನ್ನು ಒಮ್ಮೆ ದೊಡ್ಡವರ ಮುಖಕ್ಕೇ ಹೇಳಿದೆ. ಅವರು "ಖರೇ ಅದ ತಂಗೀ. ಅವಾಗ ತಿಳೀಲಿಲ್ಲ ನಮಗ" ಅಂದರು. ಸಮಜಾಯಿಷಿ ಕೊಡಲು ಹೋಗಲಿಲ್ಲ ಅನ್ನುವುದಕ್ಕೇ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕೇಳುವಾಗ ನಮ್ಮದು ಒಂದೇ ನಿಯಮ: ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ. ಅದು ನಾನು ಮಾಡಿದ ನಿಯಮ. ಒಮ್ಮೆ ಸಂಗೀತದ ನಡುವೆ ತೌಡಿನ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತು ನಮಸ್ಕಾರ ಅಂದದ್ದಕ್ಕೆ ನಾನು ನೋಡಿದ ನೋಟಕ್ಕೆ, ಪಾಪ, ಆತ ಚಪ್ಪಲಿ ಬಿಟ್ಟು ಹೋಗಿದ್ದ. ಸಣ್ಣ ಸಾಹುಕಾರರು ಮಾತ್ರ ಯಾವತ್ತೂ ಒಳಗೆ ಕೂತು ಕೇಳುತ್ತಿರಲಿಲ್ಲ. ಬಾಗಿಲ ಹತ್ತಿರ ಇನ್ವರ್ಟರಿನ ಪಕ್ಕ ನಿಂತಿರುತ್ತಿದ್ದರು. ಕರೆಂಟ್ ಹೋದರೆ ಸಂಗೀತ ನಿಲ್ಲಬಾರದು. ಅವರ ಅಂಗಿಯ ಜೇಬಿನಲ್ಲಿ ಸದಾ ಎರಡು ಹೊಸ ಸೆಲ್ಲು ಇರುತ್ತಿದ್ದವು, ರೇಡಿಯೋಕ್ಕೆ ಹಾಕುವಂಥವು. ಆ ಗಿರಣಿಯಲ್ಲಿ ಸೆಲ್ಲಿನ ರೇಡಿಯೋ ಕಣ್ಮರೆಯಾಗಿ ಎಷ್ಟೋ ಕಾಲವಾಗಿತ್ತು.

ಆ ಸೆಲ್ಲಿನ ಕಥೆ ಗಿರಣಿಯ ಹಮಾಲರಿಗೆಲ್ಲ ಬಾಯಿಪಾಠ. ನಾನು ಕೇಳಿದ್ದು ನನ್ನಪ್ಪನ ಬಾಯಿಂದ, ಆಮೇಲೆ ದೊಡ್ಡವರಿಂದಲೇ.

ದೊಡ್ಡವರು ಇಪ್ಪತ್ತರ ಹುಡುಗನಾಗಿದ್ದಾಗ, ಸುಗ್ಗಿಯಲ್ಲಿ ಅಂಗಳದ ಭತ್ತ ಕಾಯುವುದು ಅವರ ಪಾಳಿ. ಜೊತೆಗೊಂದು ರೇಡಿಯೋ. ಊಟದ ಹೊತ್ತಿಗೆ ಶಾರ್ಟ್‌ವೇವ್‌ನಲ್ಲಿ ಮುಳ್ಳು ಸರಿಸುತ್ತಾ ಹೋದರೆ ಎಲ್ಲೆಲ್ಲಿಯದೋ ಸಿಗುತ್ತಿತ್ತು. ಹೀಗೆ ಒಂದು ಸಂಜೆ ಯುರೋಪಿನ ಯಾವುದೋ ಊರಿನಿಂದ ನೇರ ಪ್ರಸಾರದ ಕಛೇರಿ ಸಿಕ್ಕಿತು. ಬರೆದವನ ಹೆಸರನ್ನೂ ಇದು ಅವನ ನಾಲ್ಕನೆಯ ಸಿಂಫನಿ ಅನ್ನುವುದನ್ನೂ ರೇಡಿಯೋದವರು ಮೊದಲೇ ಹೇಳಿದರು. ಆ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ನಿಮಗೆ ಗೊತ್ತಾಗುವುದಿಲ್ಲ, ಅವನ ಊರಿನವರಿಗೇ ಗೊತ್ತಿಲ್ಲ. ದೊಡ್ಡವರು ಭತ್ತದ ರಾಶಿಗೆ ಬೆನ್ನು ಕೊಟ್ಟು ಮೂರು ಭಾಗ ಕೇಳಿದರು. ನಾಲ್ಕನೆಯದು ಅಬ್ಬರದಿಂದ ಶುರುವಾಯಿತು. ಇನ್ನೇನು ಗುಡ್ಡವೇ ಉರುಳಿ ಬರುತ್ತದೆ ಅನ್ನುವ ಹೊತ್ತಿಗೆ ದನಿ ಇಳಿಯತೊಡಗಿತು. ಇಳಿದು ಇಳಿದು ನಿಂತೇ ಹೋಯಿತು. ರೇಡಿಯೋವನ್ನು ಒಮ್ಮೆ ತಟ್ಟಿ, ತಡೆಯಲಾರದೆ ಹಿಂದಿನ ಮುಚ್ಚಳ ತೆಗೆದು ಸೆಲ್ಲು ಕಿತ್ತರು. ಹಳೆಯ, ಸೋರಿ ತುಕ್ಕು ಹಿಡಿದ ಸೆಲ್ಲು! ಅವರು ಆ ವಾರವಷ್ಟೇ ಹೊಸವು ಹಾಕಿದ್ದರು. ತಮ್ಮ ಅವನ್ನು ತೆಗೆದು ತನ್ನ ಟಾರ್ಚಿಗೆ ಹಾಕಿಕೊಂಡು, ಟಾರ್ಚಿನ ಹಳೆ ಸೆಲ್ಲು ಇಲ್ಲಿಟ್ಟು, ಆ ಬೆಳಕಿನಲ್ಲಿ ಹಿರೇಕೊಟ್ನೆಕಲ್ಲಿಗೆ ಬಯಲಾಟ ನೋಡಲು ಹೋಗಿದ್ದ.

ಮರುದಿನ ಬೆಳಿಗ್ಗೆ ತಮ್ಮ ಕಣ್ಣುಜ್ಜಿಕೊಳ್ಳುತ್ತ ಬಂದಾಗ ಅಣ್ಣ ಎಲ್ಲ ಹಮಾಲರ ಎದುರಿಗೆ ಕಪಾಳಕ್ಕೆ ಹೊಡೆದರು. ನನ್ನಪ್ಪ ಅಲ್ಲೇ ಇದ್ದನಂತೆ. "ಹುಡುಗ ಅಳಲಿಲ್ಲವ್ವಾ, ಸೆಲ್ಲು ತಂದು ಅಣ್ಣನ ಕಾಲ ಹತ್ರ ಇಟ್ಟು ಹ್ವಾದ" ಅನ್ನುತ್ತಿದ್ದ.

ಅದಾದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲಲಿಲ್ಲ, ಆಸ್ತಿ ಪಾಲಾಗಲಿಲ್ಲ, ಒಂದೇ ಒಲೆಯ ಊಟ. ಆದರೆ ಆ ಸಿಂಫನಿಯ ಮಾತು ಬಂದಾಗಲೆಲ್ಲ ದೊಡ್ಡವರು "ನಮ್ಮ ತಮ್ಮನ ಕೃಪೆಯಿಂದ ಕಡೀದು ಕೇಳೂದ ಉಳೀತು ನೋಡ್ರಿ" ಅಂತ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಸಣ್ಣವರೂ ನಗುತ್ತಿದ್ದರು, ಬಾಗಿಲಲ್ಲಿ ನಿಂತು. ಮದುವೆ ಮನೆಗಳಲ್ಲಿ, ಬೀಗರ ಎದುರಿಗೆ, ಲಾರಿ ಡ್ರೈವರುಗಳ ಎದುರಿಗೆ ಅದೇ ಮಾತು. ಚೇಷ್ಟೆ ಒಂದು ಸಲವಾದರೆ ಚೇಷ್ಟೆ; ಆಯುಷ್ಯವಿಡೀ ಆದರೆ ಅದಕ್ಕೆ ಬೇರೆ ಹೆಸರಿದೆ. ನಾನು ಇದನ್ನು ಒಂದೆರಡು ಸಲ ದೊಡ್ಡವರಿಗೆ ಹೇಳಿದ್ದುಂಟು. "ಏ, ಅಂವ ಏನೂ ತಿಳ್ಕೊಳ್ಳಂಗಿಲ್ಲ ಬಿಡು" ಅನ್ನುತ್ತಿದ್ದರು.

ಕೇಳದೆ ಉಳಿದ ಆ ಕೊನೆಯನ್ನು ದೊಡ್ಡವರು ತಾವೇ ಕಟ್ಟಿಕೊಂಡಿದ್ದರು. ತುತ್ತೂರಿ, ನಗಾರಿ ಎಲ್ಲ ಸೇರಿ ಏರಿ ಏರಿ ಧಡಾರ್ ಅಂತ ಮುಗಿಯುವ ಕೊನೆ. ಒಳ್ಳೆಯ ಮನಸ್ಥಿತಿಯಲ್ಲಿದ್ದರೆ ಮೇಜು ಬಡಿದು ಹಾಡಿ ತೋರಿಸುತ್ತಿದ್ದರು. ಧ್ವನಿಮುದ್ರಣ ಬಂದರೆ ತಾಳೆ ನೋಡಬೇಕು ಅನ್ನುವುದು ಅವರ ಆಸೆ. ಆದರೆ ಅಂಥ ಧ್ವನಿಮುದ್ರಣವೇ ಇರಲಿಲ್ಲ. ಕೊನೆಗೊಮ್ಮೆ ಒಂದು ಪುಟ್ಟ ಕಂಪನಿ ಅವನ ಎಲ್ಲ ಸಿಂಫನಿಗಳನ್ನೂ ಮಾಡುತ್ತೇವೆ ಅಂತ ಸಾರಿತು. ಸುದ್ದಿ ನಮಗೆ ತಂದವರು ಸಣ್ಣ ಸಾಹುಕಾರರು. ಹಾದಿ ಮೇಲೆ ಬಸ್ಸಿನಿಂದ ಇಳಿಯುತ್ತಿದ್ದ ನನ್ನನ್ನು ತಡೆದು ಫೋನು ತೋರಿಸಿದರು. "ಇದ ಅಲ್ಲೇನ್ರಿ ಟೀಚರ್ರೇ ಆ ಹೆಸರು? ನೀವೊಮ್ಮಿ ಬರೋಬರಿ ನೋಡ್ರಿ." ಇಂಗ್ಲಿಷಿನಲ್ಲಿ ಅಷ್ಟಕ್ಕಷ್ಟೇ ಆಗಿದ್ದ ಈ ಮನುಷ್ಯ ಎಷ್ಟು ಕಾಲದಿಂದ ಇದನ್ನು ಹುಡುಕುತ್ತಿದ್ದರೋ.

ಮೊದಲನೆಯದು ಬಂತು, ಎರಡನೆಯದು ಬಂತು. ಮೂರನೆಯದಕ್ಕೆ ಬಹಳ ಕಾದೆವು, ಕೊನೆಗೆ ಅದೂ ಬಂತು. ಆಮೇಲೆ ಕಂಪನಿ ಮುಚ್ಚಿತಂತೆ, ಇಲ್ಲ ಮುಚ್ಚಿಲ್ಲವಂತೆ, ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಈ ನಡುವೆ ದೊಡ್ಡವರ ಕಿವಿ ಕೆಡುತ್ತ ಬಂತು. ಆಯುಷ್ಯವೆಲ್ಲ ಗಿರಣಿಯ ಸದ್ದಿನಲ್ಲಿ ಕಳೆದ ಕಿವಿ. ಫೋನಿನಲ್ಲಿ ಮಾತಾಡುವಾಗ ಹೂಂ ಹೂಂ ಅನ್ನುತ್ತಿದ್ದರು, ಏನೂ ಕೇಳಿರುತ್ತಿರಲಿಲ್ಲ. ಒಂದು ಅಮಾವಾಸ್ಯೆಗೆ ಕೊಳಲು ನುಡಿಯುತ್ತಿರುವಾಗಲೇ "ಇನ್ನೂ ಶುರು ಆಗಿಲ್ಲೇನು?" ಅಂದರು.

ಮುಂದಿನ ವಾರವೇ ನಾನೂ ಸಣ್ಣವರೂ ಅವರನ್ನು ರಾಯಚೂರಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಬೆರಳು ಎತ್ತಿರಿ ಅಂದಳು ಅಲ್ಲಿಯ ಹುಡುಗಿ. ದೊಡ್ಡವರು ಪಟಪಟ ಬೆರಳು ಎತ್ತಿದ್ದೇ ಎತ್ತಿದ್ದು. ಹುಡುಗಿ ಸದ್ದು ಬಿಡದಿದ್ದಾಗಲೂ ಎತ್ತಿದರು. ಹೊರಗೆ ಬಂದ ಮೇಲೆ ನಾನು ಸುಮ್ಮನೆ ಬಿಡುತ್ತೇನೆಯೇ?

"ಯಾಕ್ರೀ ಅಣ್ಣಾರ, ಸುಳ್ಳ ಸುಳ್ಳ ಬೆರಳು ಎತ್ತಾಕತ್ತಿದ್ರಿ?"

"ಪಾಪ, ಆ ಹುಡುಗಿ ಅಷ್ಟು ಕಾಳಜಿಲೆ ನನ್ನ ಮಾರಿ ನೋಡಾಕತ್ತಿತ್ತು. ಏನೂ ಕೇಳವಲ್ದು ಅನ್ನಾಕ ಮನಸಾಗ್ಲಿಲ್ಲವ್ವಾ."

ಡಾಕ್ಟರು ನೇರ ಮನುಷ್ಯ. "ಸಣ್ಣ ದನಿ, ಏರು ದನಿ ಮೊದ್ಲ ಹೋಗ್ತಾವ್ರಿ. ಮಷಿನ್ ಹಾಕಿದ್ರ ಮಾತು ತಿಳೀತದ. ಸಂಗೀತಕ್ಕ ನಾ ಗ್ಯಾರಂಟಿ ಕೊಡಂಗಿಲ್ಲ" ಅಂದರು. ಬರುವಾಗ ಕಾರಿನಲ್ಲಿ ದೊಡ್ಡವರು ಕಿವಿಯ ಹೊಸ ಮಷಿನ್ನನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ, "ಬೇರಿಂಗ್ ಹೋಗ್ಯಾವ ಅಷ್ಟ. ಇನ್ನೊಂದು ಸುಗ್ಗಿ ನಡೀತಾವ" ಅಂದರು. ಸಣ್ಣವರು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವರಿಗೆ ಈಗ ಕಾಯುವುದು ದೊಡ್ಡವರಿಗಿಂತ ಕಷ್ಟವಾಗಿತ್ತು. ಆ ನಾಲ್ಕನೆಯದು ಬರುವುದರೊಳಗೆ ಅಣ್ಣನ ಕಿವಿ ಪೂರ್ತಿ ಹೋದರೆ ಆ ಸೆಲ್ಲಿನ ಲೆಕ್ಕ ಎಂದಿಗೂ ತೀರುವುದಿಲ್ಲ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು.

ನಾಲ್ಕನೆಯದು ಬಂದದ್ದು ಸುಗ್ಗಿಯ ನಟ್ಟನಡುವೆ. ಗಿರಣಿಯ ಗೇಟಿನಿಂದ ರಸ್ತೆಯ ತನಕ ಭತ್ತದ ಟ್ರ್ಯಾಕ್ಟರು, ಲಾರಿ. ಫೋನಿನಲ್ಲಿ ಸುದ್ದಿ ನೋಡಿದ ಕೂಡಲೇ ನಾನು ಶಾಲೆ ಮುಗಿಸಿ ಮಾನ್ವಿ ಬಸ್ಸು ಹತ್ತಿದೆ.

"ಇವತ್ತ ಕೇಳ್ರಿ ಅಣ್ಣಾರ. ನನ್ನ ಮನಿಗೆ ಬರ್ರಿ, ಇಲ್ಲಾ ಹೊಲಕ್ಕ ಹೋಗೂಣು" ಅಂತ ಯಂತ್ರದ ಸದ್ದಿನ ಮೇಲೆ ಕೂಗಿದೆ.

"ಅಮಾಸಿಗಿ ಕೇಳೂಣು."

ಸಣ್ಣವರು ಅಣ್ಣನ ಕಿವಿಯ ಹತ್ತಿರ ಬಗ್ಗಿ, "ಬಂದ್ ಮಾಡ್ಲೇನಣ್ಣಾ ಗಿರಣಿ? ಒಂದ ತಾಸು" ಅಂದರು.

"ರೈತ್ರು ಪಾಳಿ ಹಚ್ಚಿ ನಿಂತಾರ. ನನ್ನ ಹಾಡಿನ ಸಂಬಂಧ ಅವರ ನೆಲ್ಲು ನಿಂದ್ರಬಾರದು. ಅಮಾಸಿಗಿ ಅಂದ್ನೆಲ್ಲ."

ಹಟಕ್ಕೆ ಬಿದ್ದ ಮುದುಕರ ಜೊತೆ ವಾದಿಸುವುದಕ್ಕಿಂತ ಒಂಬತ್ತನೆಯ ತರಗತಿಗೆ ಬೀಜಗಣಿತ ಹೇಳುವುದು ಸುಲಭ. ದುಸುದುಸು ಮಾಡುತ್ತ ದೇವದುರ್ಗಕ್ಕೆ ಮರಳಿದೆ. ಮೊದಲ ಸಲ ಯಾವುದನ್ನೇ ಆಗಲಿ ಕೂಡಿಯೇ ಕೇಳಬೇಕು ಅನ್ನುವುದು ನಮ್ಮ ನಡುವಿನ ಮಾತು. ಆ ದಿನಗಳಲ್ಲಿ ಬಸ್ಸಿನಲ್ಲಿ ಎಷ್ಟು ಸಲ ಫೋನಿನ ಮೇಲೆ ಬೆರಳು ಹೋಯಿತೋ! ಕೊನೆಯನ್ನೊಂದು ಕೇಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಆದರೂ ಕೇಳಲಿಲ್ಲ.

ಮುಂದೆ ಬಂದ ಅಮಾವಾಸ್ಯೆ ಎಳ್ಳಮಾವಾಸ್ಯೆ. ಅವತ್ತು ಊರಿಗೆ ಊರೇ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತದೆ. ಗಿರಣಿಯಲ್ಲಿ ನಾವು ಮೂವರು ಬಿಟ್ಟರೆ ಗುಬ್ಬಿಗಳು. ದೊಡ್ಡವರು ಕುರ್ಚಿಯನ್ನು ಸ್ಪೀಕರಿನ ಪಕ್ಕಕ್ಕೇ ಎಳೆದುಕೊಂಡು ಅದರ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತರು. ಸಣ್ಣವರು ಇನ್ವರ್ಟರಿನ ಪಕ್ಕ ತಮ್ಮ ಜಾಗದಲ್ಲಿ ನಿಂತರು. ನಾನು ಫೋನು ಒತ್ತಿದೆ.

ಮೂರು ಭಾಗ ಚೆನ್ನಾಗಿಯೇ ಹೋಯಿತು. ಕೆಳದನಿಯ ವಾದ್ಯಗಳು ಅವರಿಗೆ ಕೇಳುತ್ತಿದ್ದವು, ಅಲ್ಲಲ್ಲಿ ತಲೆಯಾಡಿಸಿದರು, ನೆನಪಿನ ಹಾದಿಗೆ ಬಂದಾಗ ನಕ್ಕರು. ನಾಲ್ಕನೆಯದು ಅಬ್ಬರದಿಂದಲೇ ಶುರುವಾಯಿತು. ಅವರ ಇನ್ನೊಂದು ಕೈ ಮೇಜಿನ ಮೇಲೆ ಸಿದ್ಧವಾಯಿತು, ತಮ್ಮ ಕೊನೆಯನ್ನು ಬಡಿಯಲು. ಏರಿತು, ಏರಿತು. ಆಮೇಲೆ ಏರಲಿಲ್ಲ. ತುತ್ತೂರಿಗಳು ಹಿಂದೆ ಸರಿದವು, ಬರೀ ವಯೊಲಿನ್ನುಗಳು ಉಳಿದವು, ಎಳೆಯಷ್ಟು ತೆಳ್ಳಗೆ.

ದೊಡ್ಡವರು ಗಾಬರಿಯಿಂದ ನನ್ನನ್ನು ನೋಡಿದರು. "ಯಾಕ? ಕರೆಂಟ್ ಹೋತೇನು?"

ಬಾಗಿಲಲ್ಲಿ ಸಣ್ಣವರು ಜಿಗಿದು ಇನ್ವರ್ಟರಿಗೆ ಕೈ ಹಾಕಿದರು.

"ಇಲ್ರಿ. ನಡದದ" ಅಂದೆ. ಆ ಕೋಣೆಯಲ್ಲಿ ಸಂಗೀತದ ನಡುವೆ ನಾನು ಆಡಿದ ಮೊದಲ ಮಾತು ಅದು. ದೊಡ್ಡವರು ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದರು. ನನಗೆ ಒಂದು ಕ್ಷಣ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಈಗ ನಗಾರಿ ಬಂತ್ರಿ, ತುತ್ತೂರಿ ಬಂತ್ರಿ, ನಿಮ್ಮದರ ಹಾಗೇ ಮುಗೀತ್ರಿ ಅಂದರೆ ಅವರಿಗೆ ಸಂತೋಷವಾಗುತ್ತಿತ್ತು. ಆದರೆ ಇಷ್ಟು ಕಾದ ಮನುಷ್ಯನಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಹತ್ತಿರ ಹೋಗಿ ಅವರ ಕಿವಿಯ ಬಳಿ ಬಗ್ಗಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತ ಹೋದೆ.

"ವಯೊಲಿನ್ ಅಷ್ಟ ಅದಾವ್ರಿ, ಭಾಳ ಸಣ್ಣಗ. ಒಂದೊಂದ ಬಿಡಾಕತ್ತಾವು... ಈಗ ಒಂದ ಉಳೀತು... ಕೆಳಗ ಡೋಲು ಬರಾಕತ್ತದ, ದೂರ ದೂರ."

"ಅದು ಗೊತ್ತಾಗಾಕತ್ತದ" ಅಂದರು, ಪೆಟ್ಟಿಗೆಯ ಮೇಲಿನ ಕೈ ತೆಗೆಯದೆ. "ಕೈಗೆ ಗೊತ್ತಾಗಾಕತ್ತದ."

"ಇನ್ನೂ ಸಣ್ಣಗ ಆತ್ರಿ. ವಯೊಲಿನ್ ಹೋತು. ಡೋಲು ಒಂದ." ನಾನು ಕಾದೆ. ಹೊರಗೆ ಗುಬ್ಬಿ ಕೂಗಿತು. "ಮುಗೀತ್ರಿ, ಅಣ್ಣಾರ. ಇಷ್ಟ."

ಅವರು ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ. ಅವರ ಧಡಾರ್ ಅನ್ನುವ ಕೊನೆ ಸುಳ್ಳಾಯಿತಲ್ಲ ಅಂತ ನನಗೆ ಸಂಕಟವಾಗುತ್ತಿತ್ತು. ಆದರೆ ಅವರು ಯೋಚಿಸುತ್ತಿದ್ದದ್ದು ಬೇರೆ.

"ಅವತ್ತೂ ಹಿಂಗ" ಅಂದರು ಮೆಲ್ಲಗೆ. "ಅವತ್ತೂ ಡೋಲು ಹಿಂಗ ದೂರ ದೂರ ಹೋಗಿ ನಿಂತ್ತು. ನಾ ಸೆಲ್ಲು ಇಳದ್ವು ಅಂದ್ಕೊಂಡೆ. ಚಪ್ಪಾಳಿ ಬಡಿಯೂದರೊಳಗ ಮುಚ್ಚಳ ತೆಗದು ಸೆಲ್ಲು ಕಿತ್ತುಬಿಟ್ಟೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲಲ್ಲಿದ್ದವರಿಗೆ ನನಗಿಂತ ಮೊದಲೇ ಅರ್ಥವಾಗಿತ್ತು.

"ತಮ್ಮಾ, ಒಳಗ ಬಾ."

ಸಣ್ಣವರು ಬಂದರು. "ಹಳೇ ಸೆಲ್ಲು ಹಾಕಿದ್ದು ಖರೇನ ಅಣ್ಣಾ" ಅಂದರು. ದನಿ ಆ ವಯಸ್ಸಿನವರದಾಗಿರಲಿಲ್ಲ, ಹುಡುಗನದಾಗಿತ್ತು.

"ಹಾಕಿದ್ದು ಖರೇ. ಆದ್ರ ಅವು ಕಡೀ ತನಕ ನಡದಿದ್ವೋ. ನಾ ಪೂರಾ ಕೇಳಿದ್ದೆ. ನನಗ ತಿಳೀಲಿಲ್ಲ." ದೊಡ್ಡವರು ತಮ್ಮನ ಕೈ ಹಿಡಿದುಕೊಂಡರು. "ಎಲ್ಲಾರ ಮುಂದ ಹೊಡದ್ನೆಲ್ಲೋ ನಿನಗ. ಹೊಡದದ್ದು ಸಾಲ್ದಂತ ಇಷ್ಟು ವರ್ಷ ಎಲ್ಲಾರ ಮುಂದ ನಕ್ಕೆ. ತಪ್ಪಾತೋ ತಮ್ಮಾ."

"ಹೋಗ್ಲಿ ಬಿಡಣ್ಣಾ" ಅನ್ನಲು ಹೋದರು ಸಣ್ಣವರು, ಪೂರ್ತಿ ಆಗಲಿಲ್ಲ. ನಾನೂ ಅತ್ತೆ, ಇದರಲ್ಲಿ ಮುಚ್ಚಿಡುವುದೇನಿದೆ. ಇಬ್ಬರು ಮುದುಕರು ಹೀಗೆ ಕೈ ಹಿಡಿದುಕೊಂಡಿರುವಾಗ ಗಣಿತದ ಟೀಚರಾದರೇನು, ಯಾರಾದರೇನು.

ಕಣ್ಣೊರೆಸಿಕೊಂಡ ಮೇಲೆ ದೊಡ್ಡವರು, "ತಂಗೀ, ಕಡೀ ಭಾಗ ಇನ್ನೊಮ್ಮಿ ಹಚ್ಚು. ಇಂವ ಕುಂತು ಕೇಳೇ ಇಲ್ಲ" ಅಂದರು. ಕೋಣೆಯಲ್ಲಿದ್ದದ್ದು ಎರಡೇ ಕುರ್ಚಿ. ನನ್ನದನ್ನು ಸಣ್ಣವರಿಗೆ ಬಿಟ್ಟು, ಫೋನು ಒತ್ತಿ, ನಾನು ಹೊರಗೆ ಕಟ್ಟೆಯ ಮೇಲೆ ಬಂದು ಕೂತೆ. ಈ ಸಲ ನನ್ನ ಇಚ್ಛೆಯಿಂದ. ತೆರೆದ ಬಾಗಿಲಿನಿಂದ ಇಬ್ಬರೂ ಕಾಣುತ್ತಿದ್ದರು.

ಅಬ್ಬರ ಬಂತು, ಹೋಯಿತು. ವಯೊಲಿನ್ನುಗಳು ಒಂದೊಂದಾಗಿ ಬಿಟ್ಟವು. ಡೋಲು ದೂರವಾಯಿತು. ದನಿ ಇನ್ನೇನು ಇಲ್ಲ ಅನ್ನುವಷ್ಟು ಇಳಿದಾಗ ಸಣ್ಣ ಸಾಹುಕಾರರ ಕೈ ತಾನಾಗಿಯೇ ಜೇಬಿಗೆ ಹೋಗಿ ಸೆಲ್ಲು ಹಿಡಿಯಿತು, ಮೈ ಕುರ್ಚಿಯಿಂದ ಅರ್ಧ ಎದ್ದಿತು. ಕಿವಿ ಕೇಳದ ಅಣ್ಣ ಅದನ್ನು ನೋಡಿದರು. ನೋಡಿಯೇ ಸಂಗೀತ ಎಲ್ಲಿಗೆ ಬಂದಿದೆ ಅಂತ ತಿಳಿದುಕೊಂಡು, ತಮ್ಮನ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದರು.

"ಕೂಡು. ಸೆಲ್ಲು ಇನ್ನೂ ನಡದಾವ."